ಗಡ್ಡೆಯೊಳಗೆ ದೀಪ ಹಚ್ಚುವವರು

ಕಿಟಕಿಗೆ ದಪ್ಪ ಪರದೆ. ಹಗಲು ಹನ್ನೊಂದಾಗಿದ್ದರೂ ಕೋಣೆಯಲ್ಲಿ ಉರಿಯುತ್ತಿರುವುದು ಮೂಲೆಯ ಒಂದು ಮಂದ ಬಲ್ಬು. ಹೊಸಿಲು ದಾಟಲೇಬೇಕಾಗಿ ಬಂದರೆ ತುಂಬುತೋಳಿನ ಅಂಗಿ, ಕೈಗವಸು, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ಫೋಟೋಫ್ರಿನ್ ಎಂಬ ಕೆಂಗಂದು ಬಣ್ಣದ ಔಷಧಿಯನ್ನು ನರಕ್ಕೆ ಹಾಕಿಸಿಕೊಂಡು ಬಂದವರ ಮೊದಲ ತಿಂಗಳು ಹೀಗೆ ಸಾಗುತ್ತದೆ. ಕನಿಷ್ಠ 30 ದಿನ ಬಿಸಿಲು ಮೈಗೆ ತಾಕಕೂಡದು. ಬಿಸಿಲಷ್ಟೇ ಅಲ್ಲ, ಹಲ್ಲಿನ ಡಾಕ್ಟರು ಬಾಯಿಗೆ ಹಿಡಿಯುವ ದೀಪವೂ ಹತ್ತಿರ ಬರಕೂಡದು. ಅಂಗಡಿಯಿಂದ ಸನ್‌ಸ್ಕ್ರೀನ್ ತಂದು ಬಳಿದುಕೊಂಡರೆ ಪ್ರಯೋಜನವಿಲ್ಲ. ಅದು ತಡೆಯುವುದು ನೇರಳಾತೀತ ಕಿರಣವನ್ನು, ಇಲ್ಲಿ ಚರ್ಮ ಸುಡುವುದು ಕಣ್ಣಿಗೆ ಕಾಣುವ ಬೆಳಕಿನಿಂದಲೇ. ಹಾಗೆಂದು ಪೂರ್ತಿ ಕತ್ತಲಲ್ಲಿ ಕೂತುಬಿಡಿ ಎಂದೂ ವೈದ್ಯರು ಹೇಳುವುದಿಲ್ಲ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದುಕೊಂಡಿರುವ ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ಕೆಡಿಸಿ ಮುಗಿಸುತ್ತದೆ. ಕತ್ತಲಲ್ಲೇ ಇದ್ದವರು ತಿಂಗಳ ಮೇಲೆ ಹೊರಗೆ ಬಂದರೆ ಮೊದಲ ದಿನದಷ್ಟೇ ಸುಟ್ಟುಕೊಂಡಾರು.

ಇಷ್ಟೆಲ್ಲ ಪಡಿಪಾಟಲು ಒಂದು ಹನ್ನೆರಡೂವರೆ ನಿಮಿಷದ ಕೆಲಸಕ್ಕಾಗಿ. ಅನ್ನನಾಳದಲ್ಲಿ ಕ್ಯಾನ್ಸರ್ ಬೆಳೆದು ಗುಟುಕು ನೀರೂ ಇಳಿಯದ ರೋಗಿ. ದೇಹದ ತೂಕದ ಕಿಲೋಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಔಷಧಿ ಕೊಡುತ್ತಾರೆ. ಆಮೇಲೆ ಸುಮಾರು ಎರಡು ದಿನ ಕಾಯುತ್ತಾರೆ. ಅಷ್ಟರಲ್ಲಿ ಬಹುಪಾಲು ಆರೋಗ್ಯವಂತ ಅಂಗಗಳು ಅದನ್ನು ಬಿಟ್ಟುಕೊಟ್ಟಿರುತ್ತವೆ. ಗಡ್ಡೆ ಹಿಡಿದಿಟ್ಟುಕೊಂಡಿರುತ್ತದೆ, ಚರ್ಮವೂ. ಆಗ ಎಂಡೋಸ್ಕೋಪಿನ ಕೊಳವೆಯೊಳಗಿಂದ ಗಾಜಿನ ನೂಲೊಂದನ್ನು ಗಡ್ಡೆಯ ತನಕ ಇಳಿಸಿ 630 ನ್ಯಾನೋಮೀಟರಿನ ಕೆಂಪು ಲೇಸರ್ ಹಾಯಿಸುತ್ತಾರೆ. ನೂಲಿನ ತುದಿ ಸುತ್ತಲೂ ಒಂದೇ ಸಮನೆ ಬೆಳಕು ಚೆಲ್ಲುತ್ತದೆ. ಉರಿಯಿಲ್ಲ, ಹೊಗೆಯಿಲ್ಲ, ಮಾಂಸ ಬೇಯುವುದಿಲ್ಲ. ಲೇಸರ್ ಎಂದರೆ ಸುಡುವುದೆಂದೇ ತಿಳಿದವರಿಗೆ ಅಲ್ಲಿ ನೋಡಲು ಏನೂ ಇಲ್ಲ. ಎರಡು ದಿನದ ಮೇಲೆ ಮತ್ತೆ ಕೊಳವೆ ಇಳಿಸಿದಾಗ ಸತ್ತ ಪದರ ಕಾಣುತ್ತದೆ, ಅದನ್ನು ಕೆರೆದು ತೆಗೆಯುತ್ತಾರೆ. ರೋಗಿಗೆ ಗಂಜಿ ಇಳಿಯತೊಡಗುತ್ತದೆ. ಈ ಬಳಕೆಗೆ ಅಮೆರಿಕದ ಔಷಧಿ ಇಲಾಖೆ ಒಪ್ಪಿಗೆ ಕೊಟ್ಟಿದ್ದು 1995ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಮೂತ್ರಕೋಶದ ಕ್ಯಾನ್ಸರಿಗೆ ಕೆನಡಾ ಒಪ್ಪಿತ್ತು.

ಆ ಹನ್ನೆರಡೂವರೆ ನಿಮಿಷದಲ್ಲಿ ಒಳಗೆ ನಡೆಯುವ ವ್ಯವಹಾರ ಹೀಗೆ. ಔಷಧಿ ಎಂದು ಕರೆದರೂ ಅದು ತಾನಾಗಿ ಯಾವ ಕೋಶವನ್ನೂ ಕೊಲ್ಲುವುದಿಲ್ಲ. ಅದು ಮಂಡಿಯ ದಲ್ಲಾಳಿ. ಬೆಳಕಿನಿಂದ ಶಕ್ತಿ ಕೊಂಡು ಆಮ್ಲಜನಕಕ್ಕೆ ದಾಟಿಸುತ್ತದೆ, ವ್ಯಾಪಾರ ಮುಗಿದ ಮೇಲೆ ಕೈಕೊಡವಿ ಅದೇ ಜಾಗದಲ್ಲಿ ಮುಂದಿನ ಗಿರಾಕಿಗೆ ಕಾಯುತ್ತ ಕೂರುತ್ತದೆ. ರಸಾಯನಶಾಸ್ತ್ರಜ್ಞರು ಇಂಥ ಬಣ್ಣಗಳನ್ನು ಫೋಟೋಸೆನ್ಸಿಟೈಸರ್ ಎನ್ನುತ್ತಾರೆ. ಶಕ್ತಿ ಪಡೆದ ಆಮ್ಲಜನಕದ ಹೆಸರು ಸಿಂಗ್ಲೆಟ್ ಆಕ್ಸಿಜನ್. ನಾವು ಉಸಿರಾಡುವ ಆಮ್ಲಜನಕವೇ ಅದು, ಹೊರಗಿನ ಎರಡು ಎಲೆಕ್ಟ್ರಾನುಗಳು ತಿರುಗುವ ದಿಕ್ಕು ಮಾತ್ರ ಬದಲಾಗಿದೆ. ಆ ಒಂದು ಬದಲಾವಣೆಯಿಂದ ಅದು ಕೊಬ್ಬು, ಪ್ರೋಟೀನು ಎನ್ನದೆ ಎದುರಿಗೆ ಸಿಕ್ಕಿದ್ದರ ಮೇಲೆಲ್ಲ ಬೀಳುತ್ತದೆ. ನೀರಿನಲ್ಲಿ ಅದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರೋ ನಾಲ್ಕೋ ಪಾಲು. ಕೋಶದೊಳಗಿನ ಕಿಕ್ಕಿರಿದ ಜಾಗದಲ್ಲಿ ಅದಕ್ಕಿಂತಲೂ ಕಡಿಮೆ. ಹುಟ್ಟಿದ ಕೋಶವನ್ನು ದಾಟಿ ದೂರ ಹೋಗುವಷ್ಟು ಸಮಯ ಅದಕ್ಕಿಲ್ಲ. ಬಣ್ಣ, ಬೆಳಕು, ಆಮ್ಲಜನಕ ಮೂರೂ ಎಲ್ಲಿ ಕೂಡುತ್ತವೋ ಅಲ್ಲಿ ಮಾತ್ರ ಸಾವು. ಈ ಚಿಕಿತ್ಸೆಯ ಗುಟ್ಟೂ ಅದೇ, ಗೋಳೂ ಅದೇ.

ಇದು ಗೊತ್ತಾದದ್ದು ಮ್ಯೂನಿಕ್ ನಗರದ ಒಂದು ಪ್ರಯೋಗಶಾಲೆಯಲ್ಲಿ, 1897-98ರ ಚಳಿಗಾಲದಲ್ಲಿ. ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುರು ಹರ್ಮನ್ ಫಾನ್ ಟಾಪ್ಪೈನರ್ ಒಂದು ಬೇಸರದ ಕೆಲಸ ಹಚ್ಚಿದ್ದರು. ಅಕ್ರಿಡೀನ್ ಎಂಬ ಬಣ್ಣವನ್ನು ನೀರಿಗೆ ಬೆರೆಸಿ ಅದರಲ್ಲಿ ಈಜಾಡುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ಬರೆದಿಡಬೇಕು. ರಾಬ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತ. ಒಂದು ದಿನ ಅವು ಬೇಗ ಸತ್ತವು, ಇನ್ನೊಂದು ದಿನ ಅದೇ ಬಣ್ಣ ಅದೇ ಅಳತೆಯಲ್ಲಿದ್ದರೂ ಆರಾಮಾಗಿ ಈಜುತ್ತಲೇ ಇದ್ದವು. ಲೆಕ್ಕ ಕೂಡಲಿಲ್ಲ. ಅವು ಬದುಕಿ ಉಳಿದ ದಿನ ಹೊರಗೆ ಗುಡುಗು ಸಹಿತ ಮೋಡ ಕವಿದಿತ್ತು ಎಂಬ ಕಥೆಯೊಂದು ಈ ವಿಷಯದ ಪುಸ್ತಕಗಳಲ್ಲೆಲ್ಲ ಬರುತ್ತದೆ. ಗುಡುಗಿನ ಮಾತು ಹೇಗಾದರೂ ಇರಲಿ, ವ್ಯತ್ಯಾಸ ಕಿಟಕಿಯ ಬೆಳಕಿನದೆಂದು ಹುಡುಗನಿಗೆ ಹೊಳೆದದ್ದು ದಿಟ. 1900ರಲ್ಲಿ ಅದನ್ನು ಪ್ರಕಟಿಸಿದ. ಬಣ್ಣವೊಂದೇ ಕೊಲ್ಲುವುದಿಲ್ಲ, ಬೆಳಕೊಂದೇ ಕೊಲ್ಲುವುದಿಲ್ಲ, ಎರಡೂ ಸೇರಿದರೆ ಕೊಲ್ಲುತ್ತವೆ. ಮೂರು ವರ್ಷದ ಮೇಲೆ ಟಾಪ್ಪೈನರ್ ಚರ್ಮವೈದ್ಯ ಯೆಸಿಯೋನೆಕ್ ಜೊತೆ ಸೇರಿ ಚರ್ಮದ ಗಡ್ಡೆಗಳಿಗೆ ಇಯೋಸಿನ್ ಬಳಿದು ಬೆಳಕಿಗೆ ಒಡ್ಡಿದರು. ಆಮ್ಲಜನಕ ಇಲ್ಲದೆ ಇದು ನಡೆಯದೆಂದು ಕಂಡುಕೊಂಡವರೂ ಅವರ ಬಳಗದವರೇ. ಫೋಟೋಡೈನಾಮಿಕ್ ಎಂಬ ಹೆಸರೂ ಅಲ್ಲಿಂದಲೇ ಬಂತು.

ನಮ್ಮ ಕಡೆ ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ರೂಢಿ ಅದಕ್ಕಿಂತ ಎಷ್ಟೋ ಹಳೆಯದು. ಆ ಬೀಜದ ಸೊರಾಲೆನ್ ಕೆಲಸ ಮಾಡುವ ಬಗೆ ಬೇರೆ, ಅದು ನೇರವಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆದರೆ ಮದ್ದು ಹಚ್ಚಿದ ಮೇಲೆ ಬಿಸಿಲು ಬೇಕು ಎಂಬ ತಿಳಿವಳಿಕೆ ಪಂಡಿತರಿಗೆ ಇದ್ದೇ ಇತ್ತು.

ಜರ್ಮನಿಯ ಫ್ರೀಡ್ರಿಷ್ ಮೇಯರ್-ಬೆಟ್ಸ್ ಎಂಬ ವೈದ್ಯ 1912ರಲ್ಲಿ ಮ್ಯೂನಿಕ್ಕಿನವರಿಗಿಂತ ಇನ್ನೂ ಮುಂದೆ ಹೋದರು. ರಕ್ತದ ಕೆಂಪಿನಿಂದ ತೆಗೆದ ಹೆಮಟೋಪಾರ್ಫಿರಿನ್ ಎಂಬ ಬಣ್ಣವನ್ನು 200 ಮಿಲಿಗ್ರಾಂ ತಮ್ಮ ನರಕ್ಕೆ ತಾವೇ ಚುಚ್ಚಿಕೊಂಡು ಬಿಸಿಲಿಗೆ ಬಂದರು. ಮುಖ ಊದಿ ಕಣ್ಣು ಮುಚ್ಚಿಹೋದವು. ಹಾಗೆ ಊದಿದ ಮುಖದ ಫೋಟೋ ಇಂದಿಗೂ ವೈದ್ಯಕೀಯ ಗ್ರಂಥಗಳಲ್ಲಿ ಅಚ್ಚಾಗುತ್ತಲೇ ಇರುತ್ತದೆ. ವಾರಗಳು ಕಳೆದರೂ ಅವರಿಗೆ ಬಿಸಿಲು ಸೇರಲಿಲ್ಲ. ಆ ಬಣ್ಣದ ಮಗ-ಮೊಮ್ಮಗನೇ ಈಗಿನ ಫೋಟೋಫ್ರಿನ್. ಮಿನೆಸೋಟಾದ ಪ್ರಯೋಗಾಲಯಗಳಲ್ಲಿ ಅದನ್ನು ಶುದ್ಧಮಾಡುತ್ತ, ಮಾರ್ಪಡಿಸುತ್ತ ಬಂದರು. ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯಲ್ಲಿ ಥಾಮಸ್ ಡೋಹರ್ಟಿ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಹಿಡಿದು 1978ರಲ್ಲಿ ಒಂದು ಲೆಕ್ಕ ಮುಂದಿಟ್ಟರು: 25 ರೋಗಿಗಳು, ಚರ್ಮದ ಮೇಲೆ ಮತ್ತು ಚರ್ಮದಡಿ 113 ಗಡ್ಡೆಗಳು. ಅವುಗಳಲ್ಲಿ 111 ಪೂರ್ತಿಯಾಗಿಯೋ ಭಾಗಶಃವೋ ಕರಗಿದ್ದವು. ಬೇರೆಲ್ಲ ಚಿಕಿತ್ಸೆ ಮುಗಿದು ಕೈಚೆಲ್ಲಿದವರಲ್ಲಿ ಬಂದ ಫಲ ಅದು.

ಹಾಗಾದರೆ ಈ ಚಿಕಿತ್ಸೆ ಊರೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಯಾಕೆ ಇಲ್ಲ? ಕತ್ತಲ ಕೋಣೆಯಲ್ಲಿ ಟಾರ್ಚಿನ ಗಾಜಿಗೆ ಅಂಗೈ ಒತ್ತಿ ಹಿಡಿದರೆ ಉತ್ತರ ಸಿಗುತ್ತದೆ. ಬೆರಳಂಚು ಕೆಂಪಾಗಿ ಹೊಳೆಯುತ್ತದೆ, ಅಂಗೈ ನಡುವಿನ ದಪ್ಪ ಭಾಗ ಮಂಕಾಗಿಯೇ ಉಳಿಯುತ್ತದೆ. ಬಿಳಿ ಬೆಳಕಿನಲ್ಲಿದ್ದ ನೀಲಿ, ಹಸಿರುಗಳನ್ನೆಲ್ಲ ರಕ್ತ ನುಂಗಿಬಿಟ್ಟಿದೆ. ಕೆಂಪು ಮಾತ್ರ ಹೇಗೋ ನುಸುಳಿ ಆಚೆ ಬಂದಿದೆ, ಅದೂ ದಿಕ್ಕುಗೆಟ್ಟು ಚದುರಿ. ಕೊಲ್ಲುವಷ್ಟು ಗಟ್ಟಿಯಾಗಿ ಕೆಂಪು ಬೆಳಕು ಮಾಂಸದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಚರ್ಮ, ಅನ್ನನಾಳ, ಶ್ವಾಸನಾಳ, ಮೂತ್ರಕೋಶದ ಒಳಗೋಡೆ ಎಂದು ನೂಲು ತಲಪುವ ಕಡೆಯೆಲ್ಲ ಸರಿ. ಯಕೃತ್ತಿನ ನಡುವೆ ಕೂತ ಗಡ್ಡೆಗೆ, ಮೂಳೆಯೊಳಗೆ ಸಾಸಿವೆಯಂತೆ ಸಿಡಿದು ಹರಡಿದ ತುಣುಕುಗಳಿಗೆ ಯಾವ ನೂಲನ್ನು ಎಲ್ಲಿಂದ ತೂರಿಸುವುದು? ಬಣ್ಣ ರಕ್ತದ ಜೊತೆ ಎಲ್ಲೆಡೆ ಹೋಗುತ್ತದೆ. ಬೆಳಕು ಹೋಗುವುದಿಲ್ಲ.

ಇಲ್ಲಿಂದ ಕಥೆ ರಸಾಯನಶಾಸ್ತ್ರಜ್ಞರ ಕೈಗೆ ಬರುತ್ತದೆ. ಹೊರಗಿನಿಂದ ಬೆಳಕು ಒಯ್ಯಲು ಆಗದಿದ್ದರೆ ಬೆಳಕು ಹುಟ್ಟಿಸುವ ಸಾಮಗ್ರಿಯನ್ನೇ ಒಳಗೆ ಒಯ್ದರಾಯಿತು. ಶಾಖವಿಲ್ಲದೆ ಬೆಳಕು ಕೊಡುವ ರಾಸಾಯನಿಕ ಕ್ರಿಯೆಗಳು ಪ್ರಕೃತಿಯಲ್ಲಿವೆ. ಮುಂಗಾರಿನ ಮುಂಚೆ ಮಲೆನಾಡಿನಲ್ಲಿ ರಾತ್ರಿ ಬಸ್ಸಿನಲ್ಲಿ ಹೋದವರೆಲ್ಲ ಅದನ್ನು ಮರಗಟ್ಟಲೆ ಮಿಂಚುಹುಳಗಳಲ್ಲಿ ನೋಡಿದ್ದಾರೆ.

1940ರ ದಶಕದ ಕೊನೆಯ ಬೇಸಿಗೆಗಳು. ಅಮೆರಿಕದ ಬಾಲ್ಟಿಮೋರ್ ನಗರ. ಸಂಜೆಯಾಗುತ್ತಲೇ ಕೈಯಲ್ಲಿ ಗಾಜಿನ ಭರಣಿ ಹಿಡಿದ ಹುಡುಗರು ಹುಲ್ಲುಹಾಸಿನ ಮೇಲೆ ಓಡಾಡುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಮೆಕೆಲ್ರಾಯ್ ಎಂಬ ಮೇಷ್ಟರು ನೂರು ಮಿಂಚುಹುಳಕ್ಕೆ 25 ಸೆಂಟು ಕೊಡುತ್ತೇನೆಂದು ಸಾರಿದ್ದಾರೆ. ಹುಳುಗಳು ರಾಶಿರಾಶಿಯಾಗಿ ಬರುತ್ತವೆ. ಅವುಗಳ ಬಾಲ ಒಣಗಿಸಿ, ಅರೆದು, ಮೇಷ್ಟರು ಬೆಳಕಿನ ಒಳಗುಟ್ಟು ಬಿಡಿಸುತ್ತಾರೆ: ಲೂಸಿಫೆರಿನ್ ಎಂಬ ಇಂಧನ, ಅದನ್ನು ಉರಿಸುವ ಲೂಸಿಫೆರೇಸ್ ಎಂಬ ಕಿಣ್ವ, ಜೊತೆಗೆ ಆಮ್ಲಜನಕ ಮತ್ತು ಎಲ್ಲ ಜೀವಕೋಶಗಳಲ್ಲೂ ಓಡಾಡುವ ಎಟಿಪಿ. ಹುಡುಗರ ಪಾಲಿಗೆ ಅದು ಐಸ್‌ಕ್ರೀಮಿನ ಕಾಸು. ಅರ್ಧ ಶತಮಾನದ ಮೇಲೆ ಕ್ಯಾನ್ಸರ್ ಪ್ರಯೋಗಾಲಯಗಳು ಆ ಭರಣಿಯ ಮಾಲಿಗೇ ಕೈಚಾಚಿದವು.

ಮೊದಲು ಕೈಚಾಚಿದವರು ಕ್ಯಾನ್ಸರಿನವರಲ್ಲ, ವೈರಸ್ಸಿನವರು. ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಸುಸಾನ್ ಕಾರ್ಪೆಂಟರ್, ಜಾಕೋಬ್ ಪೆಟ್ರಿಚ್ ಮತ್ತು ಸಂಗಡಿಗರು 1994ರಲ್ಲಿ ಕುದುರೆಗಳ ರಕ್ತಹೀನತೆಯ ವೈರಸ್ಸನ್ನು ಕತ್ತಲಲ್ಲಿಟ್ಟು, ಹೈಪೆರಿಸಿನ್ ಎಂಬ ಗಿಡದ ಬಣ್ಣವನ್ನೂ ಮಿಂಚುಹುಳದ ಇಂಧನ, ಕಿಣ್ವಗಳನ್ನೂ ಬೆರೆಸಿದರು. ಹೊರಗಿನ ಒಂದು ಕಿರಣವೂ ಬೀಳದೆ ವೈರಸ್ ಸೋಂಕುವ ಶಕ್ತಿ ಕಳೆದುಕೊಂಡಿತು. ಅಣುವಿನಷ್ಟು ಚಿಕ್ಕ ಟಾರ್ಚು ಎಂದು ಅವರು ಅದನ್ನು ಕರೆದರು. 2003ರಲ್ಲಿ ಥಿಯೋಡೋಸಿಯೂ ಎಂಬ ಸಂಶೋಧಕರ ತಂಡ ಲೂಸಿಫೆರೇಸ್ ತಯಾರಿಸುವ ಜೀನನ್ನು ಇಲಿಯ ಕೋಶಗಳಿಗೇ ಸೇರಿಸಿ, ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣವನ್ನೂ ಲೂಸಿಫೆರಿನನ್ನೂ ಕುಡಿಸಿತು. ಕೋಶಗಳು ತಮ್ಮದೇ ಬೆಳಕಿನಲ್ಲಿ ಸತ್ತವು ಎಂದು ವರದಿಯಾಯಿತು. ಸಂಭ್ರಮ ಮೂರೇ ವರ್ಷ. 2006ರಲ್ಲಿ ಸ್ಟ್ಯಾನ್‌ಫರ್ಡಿನ ಸಂಜೀವ್ ಗಂಭೀರ್ ತಂಡ ಇದೇ ಬಗೆಯ ಪ್ರಯೋಗವನ್ನು ಕ್ಯಾನ್ಸರ್ ಕೋಶಗಳಲ್ಲಿ ಮಾಡಿ ನೋಡಿ, ಅಂಥ ಸಾವೇನೂ ಕಾಣುತ್ತಿಲ್ಲ, ಹುಟ್ಟುವ ಬೆಳಕು ಸಾಲದು ಎಂದಿತು.

ಬೆಳಕು ಸಾಲದು ಎಂಬ ಮಾತನ್ನು ಅಳೆದು ನೋಡಬಹುದು. ಅದಕ್ಕೆ ಲ್ಯುಮಿನಾಲ್ ಒಳ್ಳೆಯ ಉದಾಹರಣೆ. ಪತ್ತೇದಾರಿ ಸಿನಿಮಾಗಳಲ್ಲಿ ಕೊಲೆಯಾದ ಮನೆಯ ನೆಲಕ್ಕೆ ಏನನ್ನೋ ಸಿಂಪಡಿಸಿ ದೀಪ ಆರಿಸುತ್ತಾರಲ್ಲ, ಒರೆಸಿ ಹಾಕಿದ ರಕ್ತದ ಗುರುತು ನೀಲಿಯಾಗಿ ಎದ್ದು ಬರುತ್ತದಲ್ಲ, ಅದೇ. ಹೈಡ್ರೋಜನ್ ಪೆರಾಕ್ಸೈಡ್ ಲ್ಯುಮಿನಾಲನ್ನು ಒಡೆಯುತ್ತದೆ, ರಕ್ತದ ಕಬ್ಬಿಣ ಆ ಕೆಲಸಕ್ಕೆ ವೇಗ ಕೊಡುತ್ತದೆ, ಒಡೆದ ಚೂರು 425 ನ್ಯಾನೋಮೀಟರಿನ ನೀಲಿ ಚೆಲ್ಲಿ ತಣ್ಣಗಾಗುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಭರ್ಜರಿ ದೃಶ್ಯ. ಆದರೆ ನೀರಿನಲ್ಲಿ ನೂರು ಲ್ಯುಮಿನಾಲ್ ಅಣು ಒಡೆದರೆ ಬೆಳಕಿನ ಕಣ ಹೊರಡುವುದು ಹೆಚ್ಚುಕಡಿಮೆ ಒಂದರಿಂದ ಮಾತ್ರ. ಒಂದು ಮಿಲಿಗ್ರಾಂ ಲ್ಯುಮಿನಾಲ್ ಪೂರ್ತಿ ಉರಿದರೂ ದಕ್ಕುವ ಬೆಳಕು ಒಂದು ಜೌಲಿನ ನೂರರಲ್ಲಿ ಒಂದೂವರೆ ಪಾಲಿನಷ್ಟು. ಚರ್ಮದ ಚಿಕಿತ್ಸಾಲಯದಲ್ಲಿ ಕೆಂಪು ದೀಪದಡಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಕೊಡುವುದು ಸಾಮಾನ್ಯವಾಗಿ 37 ಜೌಲ್. ಎರಡು ಸಾವಿರ ಪಟ್ಟಿಗೂ ಮಿಕ್ಕಿದ ಅಂತರ! ಮಿಂಚುಹುಳ ಇದಕ್ಕಿಂತ ಎಷ್ಟೋ ಜಾಣ. ಅದರ ನೂರು ಅಣುವಿಗೆ ನಲವತ್ತೊಂದು ಬೆಳಕಿನ ಕಣ ಎಂದು ಈಚಿನ ಅಳತೆ ಹೇಳುತ್ತದೆ. 88 ಎಂದು ಮೆಕೆಲ್ರಾಯ್ ಕಾಲದಲ್ಲಿ ನಂಬಿದ್ದರು.

ಈ ಗಣಿತ ಕೇಳಿ ಅಂಗಡಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಯಾಕೆಂದರೆ ಹೋಲಿಕೆಯಲ್ಲೇ ಒಂದು ಮೋಸವಿದೆ. ದೀಪದ 37 ಜೌಲಿನಲ್ಲಿ ಬಹುಪಾಲು ಚರ್ಮದಿಂದ ಚಿಮ್ಮಿ ವಾಪಸು ಹೋಗುತ್ತದೆ, ರಕ್ತಕ್ಕೆ ದಕ್ಕುತ್ತದೆ, ಬಣ್ಣವಿಲ್ಲದ ಕೋಶಗಳ ನಡುವೆ ಹಾದು ವ್ಯರ್ಥವಾಗುತ್ತದೆ. ಬಣ್ಣದ ಅಣುವಿಗೆ ಮುಟ್ಟುವುದು ಚೂರುಪಾರು. ಒಡೆಯುವ ಲ್ಯುಮಿನಾಲ್ ಬಣ್ಣದ ಅಣುವಿನ ಮಗ್ಗುಲಲ್ಲೇ ಇದ್ದರೆ ಬೆಳಕಿನ ಕಣ ಹುಟ್ಟುವ ಅಗತ್ಯವೂ ಇಲ್ಲ. ಶಕ್ತಿ ಕತ್ತಲಲ್ಲೇ ಒಂದರಿಂದ ಇನ್ನೊಂದಕ್ಕೆ ಜಿಗಿದುಬಿಡುತ್ತದೆ. ಆದರೆ ಆ ಜಿಗಿತದ ಷರತ್ತು ಬಲು ಬಿಗಿ. ದೂರ ಎರಡರಷ್ಟಾದರೆ ಜಿಗಿಯುವ ಸಾಧ್ಯತೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ನ್ಯಾನೋಮೀಟರ್ ದಾಟಿದರೆ ಬಹುತೇಕ ಇಲ್ಲವೇ ಇಲ್ಲ. ಇಂಧನವನ್ನೂ ಬಣ್ಣವನ್ನೂ ಒಂದಕ್ಕೊಂದು ತಾಗಿಸಿ ಕಟ್ಟುವುದೇ ರಸಾಯನಶಾಸ್ತ್ರಜ್ಞರ ಮುಖ್ಯ ಕಸುಬಾದದ್ದು ಹಾಗೆ. ಬೀಜಿಂಗಿನಲ್ಲಿ ಶು ವಾಂಗ್ ತಂಡ 2012ರಲ್ಲಿ ಈ ನಂಟನ್ನು ವಿದ್ಯುತ್ ಆಕರ್ಷಣೆಯಿಂದ ಸಾಧಿಸಿತು. ಧನ ವಿದ್ಯುದಂಶ ಹೊತ್ತ ಒಂದು ಬಣ್ಣ ಋಣ ವಿದ್ಯುದಂಶ ಹೊತ್ತ ಲ್ಯುಮಿನಾಲನ್ನು ಬಳಿಗೆ ಸೆಳೆದುಕೊಂಡಿತು. ದೀಪವಿಲ್ಲದೆಯೇ ಕ್ಯಾನ್ಸರ್ ಕೋಶಗಳೂ ಶಿಲೀಂಧ್ರಗಳೂ ಸತ್ತವು.

ಇನ್ನು ಇಂಧನ ಉರಿಸುವ ಪೆರಾಕ್ಸೈಡ್ ಎಲ್ಲಿಂದ ತರುವುದು? ತರಬೇಕಿಲ್ಲ, ಗಡ್ಡೆಯೇ ಒದಗಿಸುತ್ತದೆ. ಮನುಷ್ಯರ ಹಲವು ಬಗೆಯ ಕ್ಯಾನ್ಸರ್ ಕೋಶಗಳು ಹೈಡ್ರೋಜನ್ ಪೆರಾಕ್ಸೈಡನ್ನು ಧಾರಾಳವಾಗಿ ಹೊರಬಿಡುತ್ತವೆ ಎಂದು ಶಾಟ್ರೋವ್ಸ್ಕಿ ಮತ್ತು ನೇಥನ್ ಎಂಬ ಸಂಶೋಧಕರು 1991ರಲ್ಲೇ ತೋರಿಸಿದ್ದರು. ಗಾಯಕ್ಕೆ ಹಾಕಿದರೆ ಬುರುಗು ಬರುತ್ತದಲ್ಲ, ಅದೇ ಪೆರಾಕ್ಸೈಡ್, ಅದಕ್ಕಿಂತ ಎಷ್ಟೋ ತೆಳುವಾಗಿ. ಗಡ್ಡೆಯ ಈ ದುರಭ್ಯಾಸವನ್ನೇ ಬೆಂಕಿಕಡ್ಡಿ ಮಾಡಿಕೊಳ್ಳುವ ಯೋಚನೆ ನನಗೆ ಈ ಇಡೀ ವಿದ್ಯೆಯಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು.

ಅದರ ಅತಿ ಸೊಗಸಾದ ರೂಪಕ್ಕೆ ಜಾತ್ರೆಗೆ ಹೋಗಬೇಕು. ತೇರಿನ ರಾತ್ರಿ ಮಕ್ಕಳು ಕೈಗೆ ಬಳೆಯಂತೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ಕಡ್ಡಿ: ಬಾಗಿಸಿದರೆ ಒಳಗೆ ಟಕ್ಕೆಂದು ಏನೋ ಒಡೆಯುತ್ತದೆ, ಅಲುಗಾಡಿಸಿದರೆ ಹಸಿರೋ ಕಿತ್ತಳೆಯೋ ಬಣ್ಣ ಹೊಳೆಯುತ್ತದೆ. ಒಡೆದದ್ದು ಒಳಗಿನ ಗಾಜಿನ ನಳಿಕೆ, ಅದು ಒಡೆದಾಗ ಪೆರಾಕ್ಸೈಡೂ ಆಕ್ಸಲೇಟ್ ಎಂಬ ಸಂಯುಕ್ತವೂ ಕೂಡುತ್ತವೆ. ಎರಡು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಒತ್ತಾಯದಿಂದ ಕಟ್ಟಿಹಾಕಿದಂಥ ಒಂದು ನಾಲ್ಕು ಮೂಲೆಯ ಉಂಗುರ ಕ್ಷಣಕಾಲ ಹುಟ್ಟುತ್ತದೆ. ಅದು ಬಿರಿದು ಅನಿಲವಾಗುವಾಗ ಬಿಡುಗಡೆಯಾದ ಶಕ್ತಿ ಪಕ್ಕದ ಬಣ್ಣದ ಅಣುವಿಗೆ ಹೋಗುತ್ತದೆ, ಬಣ್ಣ ಹೊಳೆಯುತ್ತದೆ. 1960ರ ದಶಕದಲ್ಲಿ ಬೆಲ್ ಲ್ಯಾಬ್ಸಿನ ಎಡ್ವಿನ್ ಚಾಂಡ್ರಾಸ್ ಹಿಡಿದ ಸುಳಿವನ್ನು ಅಮೆರಿಕನ್ ಸಯನಮಿಡ್ ಕಂಪನಿಯ ಮೈಕೆಲ್ ರಾಹಟ್ ತಂಡ ಮಾರುಕಟ್ಟೆಗೆ ತಂದದ್ದು ಹೀಗೆ. ಹೊಳೆಯುವ ಬಣ್ಣದ ಜಾಗದಲ್ಲಿ ಕೊಲ್ಲುವ ಬಣ್ಣ ಇಟ್ಟರೆ ಏನಾಗುತ್ತದೆ?

ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಬಿನ್ ಲಿಯು ತಂಡ 2017ರಲ್ಲಿ ಅದನ್ನೇ ಮಾಡಿತು. ಆಕ್ಸಲೇಟನ್ನೂ ಬಣ್ಣವನ್ನೂ ಒಂದೇ ನ್ಯಾನೋ ಗುಳಿಗೆಯಲ್ಲಿ ತುಂಬಿ ಇಲಿಯ ರಕ್ತಕ್ಕೆ ಬಿಟ್ಟರು. ಕತ್ತಲ ಪೆಟ್ಟಿಗೆಯಲ್ಲಿ ಮಲಗಿಸಿದ ಇಲಿಯ ಮೇಲೆ ಅತಿ ಸೂಕ್ಷ್ಮ ಕ್ಯಾಮೆರಾ. ಪರದೆಯ ಮೇಲೆ ಗಡ್ಡೆಯಿರುವ ಜಾಗ ತಾನಾಗಿ ಬೆಳಗುತ್ತದೆ, ಹೊರಗಿನಿಂದ ಯಾವ ಲೇಸರೂ ಹಾಯಿಸಿಲ್ಲ. ಬೆಳಗುವುದರ ಜೊತೆಗೇ ಅಲ್ಲಿ ಸಿಂಗ್ಲೆಟ್ ಆಕ್ಸಿಜನ್ ಹುಟ್ಟುತ್ತಿದೆ. ಪೆರಾಕ್ಸೈಡ್ ಇನ್ನಷ್ಟು ಬೇಕೆಂದು ಅವರು ಗಡ್ಡೆಯನ್ನು ಕೆಣಕಿದ್ದು ಐಸೋಥಯೋಸಯನೇಟ್ ಜಾತಿಯ ಒಂದು ವಸ್ತುವಿನಿಂದ. ಒಗ್ಗರಣೆಗೆ ಬಿದ್ದ ಸಾಸಿವೆ, ತುರಿದ ಮೂಲಂಗಿ ಮೂಗಿಗೆ ಏರುವುದು ಇದರ ದಾಯಾದಿಗಳಿಂದಲೇ. ಗಡ್ಡೆಗಳ ಬೆಳವಣಿಗೆ ತಗ್ಗಿತು.

ಇದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಸೇಂಟ್ ಲೂಯಿಸ್ ನಗರದ ಸ್ಯಾಮ್ಯುಯೆಲ್ ಅಚಿಲೆಫು ತಂಡ ಬೇರೆ ದಾರಿ ಹಿಡಿದಿತ್ತು. ಪೆಟ್ ಸ್ಕ್ಯಾನಿಗೆ ಕೊಡುವ ವಿಕಿರಣಶೀಲ ಸಕ್ಕರೆ ದೇಹದೊಳಗೆ ಚೆರೆಂಕೋವ್ ಎಂಬ ಮಂಕು ನೀಲಿ ಬೆಳಕು ಬಿಡುತ್ತದೆ. ಆ ಬೆಳಕಿನಿಂದ, ಕೊಲ್ಲುವ ಬಣ್ಣದ ಜಾಗದಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ಎಬ್ಬಿಸಬಹುದೆಂದು ಅವರು ಇಲಿಗಳಲ್ಲಿ ತೋರಿಸಿದರು. ಜಾಣ ಉಪಾಯವೇ ಸರಿ, ಆದರೆ ವಿಕಿರಣದ ಹಂಗು ಬಂದು ಸೇರುತ್ತದೆ.

ಇಷ್ಟೆಲ್ಲ ಓದಿಯೂ ನನ್ನ ತಲೆಯಲ್ಲಿ ಒಂದು ತಕರಾರು ಉಳಿದಿದೆ. ಬೆಳಕಿನ ಚಿಕಿತ್ಸೆಯ ದೊಡ್ಡ ಗುಣ ಬೆಳಕಲ್ಲ, ಸ್ವಿಚ್ಚು. ವೈದ್ಯೆ ಲೇಸರ್ ಆರಿಸಿದ ಕ್ಷಣ ಕೊಲ್ಲುವ ಕೆಲಸ ನಿಲ್ಲುತ್ತದೆ. ನೂಲು ಎಲ್ಲಿ ನಿಂತಿತ್ತೋ ಅಲ್ಲಿ ಮಾತ್ರ ನಡೆದಿರುತ್ತದೆ. ಒಳಗೆ ಬಿಟ್ಟ ಇಂಧನಕ್ಕೆ ಅಂಥ ಸ್ವಿಚ್ಚಿಲ್ಲ. ಪೆರಾಕ್ಸೈಡ್ ಗಡ್ಡೆಯಲ್ಲಿ ಹೆಚ್ಚು ನಿಜ, ಆದರೆ ರೋಗಾಣು ಕೊಲ್ಲುವ ಬಿಳಿ ರಕ್ತಕಣವೂ ಅದನ್ನು ತಯಾರಿಸುತ್ತದೆ, ಬಾವು ಬಂದ ಕೀಲಿನಲ್ಲೂ ಅದಿದೆ. ಸಂಧಿವಾತವಿರುವ ರೋಗಿಗೆ ಇಂಥ ಗುಳಿಗೆ ಕೊಟ್ಟರೆ ಮಂಡಿಯೊಳಗೂ ದೀಪ ಹೊತ್ತಿಕೊಂಡೀತು. ಗುಳಿಗೆಗಳ ಬಹುಪಾಲು ಯಕೃತ್ತಿನಲ್ಲೇ ಸಿಕ್ಕಿಬೀಳುವುದು ನ್ಯಾನೋ ಔಷಧಿಗಳ ಹಳೆಯ ತಲೆನೋವು. ಇಲಿಯ ಗಡ್ಡೆ ತೊಡೆಯ ಚರ್ಮದಡಿ ಬಟಾಣಿಯಷ್ಟು ಇರುತ್ತದೆ; ಅಲ್ಲಿ ಗೆದ್ದದ್ದನ್ನು ಮನುಷ್ಯನ ಹೊಟ್ಟೆಯ ಆಳಕ್ಕೆ ಒಯ್ಯುವುದು ಇನ್ನೊಂದೇ ಕೆಲಸ. ಹೀಗೆ ಒಳಗಿನಿಂದಲೇ ಬೆಳಕು ಹೊತ್ತಿಸಿಕೊಳ್ಳುವ ಯಾವ ಕ್ಯಾನ್ಸರ್ ಔಷಧಿಯೂ ಆಸ್ಪತ್ರೆಯ ಕಪಾಟಿಗೆ ಬಂದಿಲ್ಲ.

ಸ್ವಿಚ್ಚನ್ನು ಅಣುವಿನೊಳಗೇ ಕೂರಿಸಲು ನೋಡಿದವರೂ ಇದ್ದಾರೆ. ಡಬ್ಲಿನ್ನಿನ ಡೋನಲ್ ಓಶೇ 2005ರಲ್ಲಿ ತಯಾರಿಸಿದ ಬಣ್ಣಕ್ಕೆ ಅಮೈನ್ ಗುಂಪೊಂದನ್ನು ಬಾಲದಂತೆ ಜೋಡಿಸಿದ್ದರು. ಸಾಧಾರಣ ಜಾಗದಲ್ಲಿ ಆ ಬಾಲ ಬಣ್ಣದ ಶಕ್ತಿಯನ್ನು ಹೀರಿ ಸುಮ್ಮನಾಗಿಸುತ್ತದೆ, ಹುಳಿಯಾದ ಜಾಗದಲ್ಲಿ ಪ್ರೋಟಾನ್ ಬಂದು ಅಂಟಿ ಬಾಲದ ಬಾಯಿ ಕಟ್ಟುತ್ತದೆ. ಗಡ್ಡೆಯ ಸುತ್ತಲಿನ ದ್ರವ ಸ್ವಲ್ಪ ಹುಳಿ. ಎರಡು ವರ್ಷದ ಮೇಲೆ ಗಾಂಗ್ ಝೆಂಗ್ ಎಂಬ ಸಂಶೋಧಕರ ತಂಡ ಬಣ್ಣದ ಪಕ್ಕದಲ್ಲೇ ಅದನ್ನು ತಣಿಸುವ ಇನ್ನೊಂದು ಅಣುವನ್ನು ಚಿಕ್ಕ ಪ್ರೋಟೀನ್ ದಾರದಿಂದ ಕಟ್ಟಿತು. ಆ ದಾರವನ್ನು ಕತ್ತರಿಸುವ ಕಿಣ್ವ ಗಡ್ಡೆಯಲ್ಲಿ ಹೇರಳ. ಕತ್ತರಿಸಿದ ಮೇಲಷ್ಟೇ ಬಣ್ಣ ಬೆಳಕಿಗೆ ಓಗೊಡುತ್ತದೆ. ಇವೆರಡರಲ್ಲೂ ಹೊರಗಿನ ದೀಪ ಬೇಕೇ ಬೇಕು. ಬಿಸಿಲಿಗೆ ಹೆದರಿ ಪರದೆ ಎಳೆದು ಕೂತವರ ಕಷ್ಟ ಇಂಥ ಅಣುಗಳಿಂದ ಕಡಿಮೆಯಾಗಬಹುದು, ಆಳದ ಕಷ್ಟ ಹಾಗೆಯೇ.

ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಅಖಿಲ್ ಚಕ್ರವರ್ತಿ ಲೋಹದ ಸಂಯುಕ್ತಗಳನ್ನು ಬೆಳಕಿನಿಂದ ಎಬ್ಬಿಸುವುದರಲ್ಲಿ ವರ್ಷಗಟ್ಟಲೆ ಕೈಪಳಗಿಸಿಕೊಂಡವರು. ಅವರೂ ಜೀವವಿಜ್ಞಾನಿ ಪಿ. ಕೊಂಡಯ್ಯ ಮತ್ತು ವಿದ್ಯಾರ್ಥಿಗಳೂ 2015ರಲ್ಲಿ ಪ್ರಕಟಿಸಿದ ಅಣು ನಮ್ಮ ಅಡುಗೆಮನೆಗೆ ಹತ್ತಿರದ್ದು: ಹಳೆಯ ಕ್ಯಾನ್ಸರ್ ಮದ್ದು ಪ್ಲಾಟಿನಮ್ಮಿಗೆ ಅರಿಶಿನದ ಕರ್ಕ್ಯುಮಿನ್ ಕಟ್ಟಿದ್ದು. ಕರ್ಕ್ಯುಮಿನ್ ತಾನೊಂದೇ ಇದ್ದರೆ ದೇಹದ ನೀರಿನಲ್ಲಿ ಬೇಗ ಕೆಡುತ್ತದೆ. ಪ್ಲಾಟಿನಂ ಹಿಡಿತದಲ್ಲಿ ಕತ್ತಲಿರುವ ತನಕ ಗಟ್ಟಿಯಾಗಿರುತ್ತದೆ. ಕಣ್ಣಿಗೆ ಕಾಣುವ ಬೆಳಕು ಬಿದ್ದಾಗ ಗಂಟು ಬಿಚ್ಚುತ್ತದೆ. ಪ್ಲಾಟಿನಂ ಡಿಎನ್‌ಎ ಕಡೆ ಹೋಗುತ್ತದೆ, ಕರ್ಕ್ಯುಮಿನ್ ಬೆಳಕಿನ ವಿಷವಾಗುತ್ತದೆ. ಅರಿಶಿನ ಕುಡಿದರೆ ಕ್ಯಾನ್ಸರ್ ಹೋಗುತ್ತದೆಂದು ಮೊಬೈಲಿನಲ್ಲಿ ಸಂದೇಶ ಹಂಚುವವರು ಈ ಪ್ರಯೋಗಕ್ಕೆ ಬೇಕಾದ ಪ್ಲಾಟಿನಮ್ಮನ್ನೂ ದೀಪವನ್ನೂ ಗಮನಿಸಿದರೆ ಒಳ್ಳೆಯದು.

ಸಿಂಗ್ಲೆಟ್ ಆಕ್ಸಿಜನ್ ಹುಟ್ಟಲು ಬೆಳಕೇ ಬೇಕೆಂದೂ ಇಲ್ಲ. ಪೆರಾಕ್ಸೈಡಿಗೆ ಬಟ್ಟೆಯ ಬ್ಲೀಚು ಬೆರೆತರೆ ಕತ್ತಲಲ್ಲಿ ಮಂದ ಕೆಂಪು ಹೊಳಪು ಕಾಣುತ್ತದೆ. ಮನೆಯಲ್ಲಿ ಮಾಡಿ ನೋಡುವ ಆಟವಲ್ಲ ಅದು. ಆ ಕೆಂಪಿಗೆ ಸಿಂಗ್ಲೆಟ್ ಆಕ್ಸಿಜನ್ ಕಾರಣವೆಂದು ಗುರುತಿಸಲು 1963ರಲ್ಲಿ ಅಹ್ಸಾನ್ ಖಾನ್ ಮತ್ತು ಮೈಕೆಲ್ ಕಾಶಾ ಎಂಬ ವಿಜ್ಞಾನಿಗಳು ಮಾಡಿದ ಕೆಲಸ ದಾರಿಯಾಯಿತು. ಎರಡು ಅಣು ಜೋಡಿಯಾಗಿ ಶಕ್ತಿ ಬಿಟ್ಟಾಗ ಬರುವ ಬೆಳಕು 634 ನ್ಯಾನೋಮೀಟರ್. ಫೋಟೋಫ್ರಿನ್ ಎಬ್ಬಿಸುವ ಲೇಸರಿನ ಪಕ್ಕದ ಮನೆಯ ಬಣ್ಣ, ಬರಿಯ ಕಾಕತಾಳೀಯ.

ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಎಂಗಿನ್ ಅಕ್ಕಯಾ ಈ ಎಳೆಯನ್ನು ಹಿಡಿದರು. ಕೆಲವು ಉಂಗುರದ ಅಣುಗಳು ಸಿಂಗ್ಲೆಟ್ ಆಕ್ಸಿಜನ್ನನ್ನು ತಮ್ಮೊಳಗೆ ಕಟ್ಟಿಟ್ಟುಕೊಳ್ಳುತ್ತವೆ, ಬೆಚ್ಚಗಾದರೆ ಬಿಟ್ಟುಕೊಡುತ್ತವೆ. ಅಂಥವನ್ನು ಚಿನ್ನದ ನ್ಯಾನೋ ಕಡ್ಡಿಗಳಿಗೆ ಅಂಟಿಸಿ, ಕಡ್ಡಿಯನ್ನು ಬಿಸಿಮಾಡಿ ಬಿಡಿಸಿಕೊಂಡದ್ದು ಅವರ ಒಂದು ಕೆಲಸ. 2016ರ ಇನ್ನೊಂದು ಕೆಲಸ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ದೀಪ ಬಿಟ್ಟಷ್ಟು ಹೊತ್ತೂ ಬಣ್ಣ ಗಡ್ಡೆಯ ಆಮ್ಲಜನಕವನ್ನು ಖರ್ಚುಮಾಡುತ್ತದೆ, ಮೊದಲೇ ಉಸಿರುಗಟ್ಟಿದ ಗಡ್ಡೆಯಲ್ಲಿ ಅದು ಬೇಗ ಬರಿದಾಗುತ್ತದೆ. ಅದಕ್ಕೇ ವೈದ್ಯರು ಕೆಲವೊಮ್ಮೆ ದೀಪವನ್ನು ಬಿಟ್ಟುಬಿಟ್ಟು ಹಾಯಿಸುವುದು. ಅಕ್ಕಯಾ ಮತ್ತು ವಿದ್ಯಾರ್ಥಿಗಳು ಬಣ್ಣದ ಅಣುವಿಗೇ ಪಿರಿಡೋನ್ ಎಂಬ ಉಗ್ರಾಣ ಕಟ್ಟಿದರು. ದೀಪ ಉರಿಯುವಾಗ ಹುಟ್ಟಿದ ಸಿಂಗ್ಲೆಟ್ ಆಕ್ಸಿಜನ್ನಿನಲ್ಲಿ ಒಂದು ಪಾಲು ಉಗ್ರಾಣಕ್ಕೆ ಹೋಗುತ್ತದೆ. ದೀಪ ಆರಿದಾಗ ಮೈಬಿಸಿಯೊಂದರಿಂದಲೇ ಅದು ನಿಧಾನವಾಗಿ ಹೊರಬರುತ್ತದೆ. ರಕ್ತ ಹೊಸ ಆಮ್ಲಜನಕ ತಂದು ಹಾಕುವ ಬಿಡುವಿನಲ್ಲೂ ಕೆಲಸ ನಿಲ್ಲುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಇದು ನಡೆದಿದೆ. ಆಳದ ಪ್ರಶ್ನೆಗೆ ಇದು ಉತ್ತರವಲ್ಲ, ನೂಲು ಇಳಿಸಲೇಬೇಕು. ಆದರೆ ಉಗ್ರಾಣ ತುಂಬುವುದು ಬೆಳಕು ಬಿದ್ದ ಕಡೆ ಮಾತ್ರ, ತುಂಬಿದಷ್ಟೇ ಖಾಲಿಯಾಗುವುದು. ಎಷ್ಟು ತುಂಬಬೇಕೆಂಬ ಲೆಕ್ಕ ಲೇಸರ್ ಹಿಡಿದವರ ಕೈಯಲ್ಲೇ ಇದೆ.